ಕರಡಿಯ ಸಹಿ

ಹೆನಾರೊ ಸತ್ತ ಮೂರನೇ ದಿನ ಟಂಬೊ ಕರಡಿಯಿಂದ ಒಂದು ಕಾರ್ಡು ಬಂತು.

ದಪ್ಪ ಕಾಗದ. ಹಳದಿ ಲಕೋಟೆ. ‘ನನ್ನ ಗೆಳೆಯ ಹೆನಾರೊ ಇನ್ನಿಲ್ಲವೆಂದು ತಿಳಿದು ತುಂಬ ದುಃಖವಾಯಿತು. ನಿಮಗೊಂದು ದೊಡ್ಡ ಅಪ್ಪುಗೆ’ ಎಂದು ಅಚ್ಚು ಹಾಕಿತ್ತು. ಅದರ ಕೆಳಗೆ ನೀಲಿ ಶಾಯಿಯಲ್ಲಿ ಟಂಬೊನ ಸಹಿ. ಮೊದಲ ಅಕ್ಷರದ ತಲೆಯ ಮೇಲೊಂದು ಟೋಪಿ, ಕೊನೆಯ ಸೊನ್ನೆಯಂಥ ಅಕ್ಷರಕ್ಕೆ ಎರಡು ಕಿವಿ, ಆಮೇಲೆ ಜೇನುನೊಣ ಹಾರಿದ ಹಾಗೆ ಸುರುಳಿ ಸುತ್ತಿಕೊಂಡು ಹೋಗುವ ಗೆರೆ.

ಅವಿಲ್ಡಾ ಅಡಿಗೆಮನೆಯ ಮೇಜಿನ ಮುಂದೆ ಕೂತು ಆ ಸಹಿಯನ್ನೇ ನೋಡಿದಳು. ಅದು ಅವಳ ಗಂಡನ ಸಹಿ.

ಹದಿನೇಳು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಅವನು ಅದನ್ನು ಕಲಿತಿದ್ದ. ತಮ್ಮ ದ್ವೀಪದ ಪೋನ್ಸೆ ಊರಿನಲ್ಲಿ ಬೇಕರಿಯ ವ್ಯಾನು ಓಡಿಸುತ್ತಿದ್ದವನು. ಬೇಕರಿ ಮುಚ್ಚಿದ ಮೇಲೆ ಇಬ್ಬರೂ ದ್ವೀಪ ಬಿಟ್ಟು ಕಡಲಾಚೆಯ ಕಿಸಿಮ್ಮಿ ಪಟ್ಟಣಕ್ಕೆ ಬಂದರು. ಅಲ್ಲಿಯ ದೊಡ್ಡ ಮನರಂಜನಾ ಪಾರ್ಕಿನಲ್ಲಿ, ಪ್ರಾಣಿವೇಷದವರು ಮಕ್ಕಳನ್ನು ನಗಿಸುವ ಕಡೆ, ಅವನಿಗೆ ಏನು ಕೆಲಸ ಬರುತ್ತದೆಂದು ಯಾರೂ ಕೇಳಲಿಲ್ಲ. ಗೋಡೆಗೆ ಒರಗಿಸಿ ಎತ್ತರ ಅಳೆದರು. ಕರಡಿಯ ಎತ್ತರ ಸರಿಹೋಯಿತು. ಕರಡಿಯ ಕೆಲಸ ಕೊಟ್ಟರು.

ವೇಷದೊಳಗೆ ಯಾರೇ ಇರಲಿ, ಸಹಿ ಒಂದೇ ಇರಬೇಕು. ಬೆಳಿಗ್ಗೆ ಸಹಿ ಹಾಕಿಸಿಕೊಂಡ ಮಗು ಸಂಜೆ ಮತ್ತೆ ಬಂದರೆ ಕೂದಲೆಳೆಯ ವ್ಯತ್ಯಾಸವೂ ಕಾಣಬಾರದು. ಆರನೇ ತರಗತಿಗೆ ಓದು ಬಿಟ್ಟ ಹೆನಾರೊ ಕರೆಂಟ್ ಬಿಲ್ಲಿನ ಹಿಂದೆ, ದಿನಪತ್ರಿಕೆಯ ಅಂಚಿನಲ್ಲಿ, ಬ್ರೆಡ್ಡಿನ ಚೀಲದ ಮೇಲೆ ಮೂರು ವಾರ ಬರೆದ. ಅವನಿಗೆ ಜೊತೆಯಾಗಲೆಂದು ಎದುರಿಗೆ ಕೂತು ಅವಿಲ್ಡಾಳೂ ಬರೆದಳು. ಕೊನೆಗೆ ಯಾರದು ಯಾವುದೆಂದು ಇಬ್ಬರಿಗೂ ತಿಳಿಯದ ಹಾಗಾಯಿತು.

‘ನನ್ನ ಸ್ವಂತ ಸಹಿ ನೋಡಿದ್ರೆ ಕೋಳಿ ಕೆದರಿದ ಹಾಗಿದೆ. ಕರಡಿದು ನೋಡು, ಎಷ್ಟು ಚಂದ!’ ಎಂದು ಅವನು ನಕ್ಕಿದ್ದ.

ಈಗ ಅವನ ಸಹಿಯನ್ನು ಬೇರೆ ಯಾರೋ ಹಾಕಿದ್ದರು. ಕರಡಿ ಸತ್ತದ್ದಕ್ಕೆ ಕರಡಿಯೇ ಸಂತಾಪ ಕಳಿಸಿತ್ತು.

‘ನಾಚಿಕೆಗೆಟ್ಟವರು,’ ಎಂದಳು ಅವಿಲ್ಡಾ. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ಪಾರ್ಕಿನಲ್ಲಿ ಇನ್ನೊಂದು ನಿಯಮ ಇತ್ತು. ಕರಡಿಯೊಳಗೆ ಮನುಷ್ಯನಿದ್ದಾನೆ ಎಂದು ಎಲ್ಲೂ ಹೇಳಬಾರದು. ‘ನಾನೇ ಟಂಬೊ’ ಎನ್ನಬಾರದು. ‘ಟಂಬೊ ನನ್ನ ಗೆಳೆಯ’ ಎನ್ನಬೇಕು. ನೆಂಟರ ಮುಂದೂ ಅಷ್ಟೇ, ಇಗರ್ಜಿಯಲ್ಲೂ ಅಷ್ಟೇ. ಹೆನಾರೊನಿಗೆ ನಿಯಮ ಎಂದರೆ ನಿಯಮ. ಕ್ರಿಸ್‌ಮಸ್ಸಿಗೆ ಸೇರಿದಾಗ ಅವನ ತಮ್ಮಂದಿರು ಬಿಡುತ್ತಿರಲಿಲ್ಲ.

‘ಅಲ್ಲಣ್ಣ, ಗೆಳೆತನಕ್ಕೂ ಸಂಬಳ ಕೊಡ್ತಾರಾ? ನಮಗೂ ಒಂದು ಕರಡಿ ನೋಡು.’

‘ನಿನ್ನ ಮುಖಕ್ಕೆ ವೇಷ ಯಾಕೋ, ಹಾಗೇ ಹೋಗು,’ ಎನ್ನುತ್ತಿದ್ದ ಹೆನಾರೊ.

ಒಳಗೆ ಹೇಗಿರುತ್ತದೆ ಎಂದು ಅವನು ಹೆಚ್ಚು ಹೇಳಿದವನಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವಿಲ್ಡಾಳ ಕೆಲಸವೂ ಅದೇ ಪಾರ್ಕಿನಲ್ಲಿ, ವೇಷ ಒಗೆಯುವ ಕಡೆ. ನೆಲದ ಕೆಳಗಿನ ಉದ್ದ ಕೋಣೆ, ಹನ್ನೆರಡು ಯಂತ್ರ, ಕಿಟಕಿ ಇಲ್ಲ. ಹದಿನಾಲ್ಕು ವರ್ಷ ಕರಡಿಯ ಒಳಗನ್ನು ಒಗೆದವಳು ಅವಳು. ಜುಲೈ ತಿಂಗಳಲ್ಲಿ ವೇಷ ಹಿಂಡಿದರೆ ಬಕೆಟ್ಟು ತುಂಬುತ್ತಿತ್ತು. ಎಷ್ಟೋ ಸಲ ವಾಂತಿ ಇರುತ್ತಿತ್ತು. ಜನರ ಮುಂದೆ ತಲೆ ತೆಗೆಯಬಾರದು, ಅದಕ್ಕೇ ಒಳಗೇ ವಾಂತಿ ಮಾಡಿಕೊಂಡು ಕೈ ಬೀಸುತ್ತ ನಡೆಯುತ್ತಿದ್ದರು. ಮಕ್ಕಳು ತಬ್ಬಿಕೊಳ್ಳುತ್ತಿದ್ದವು. ದೊಡ್ಡವರು ಒಳಗೆ ಯಾರಾದರೂ ಇದ್ದಾರೋ ನೋಡೋಣ ಎಂದು ಹೊಟ್ಟೆಗೆ ಗುದ್ದುತ್ತಿದ್ದರು. ಹೆನಾರೊನ ಪಕ್ಕೆ ಎರಡು ಸಲ ಮುರಿದಿತ್ತು. ಎರಡು ಸಲವೂ ಗುದ್ದಿದವನು ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೊಂಡು ಹೋಗಿದ್ದ.

‘ಬಿಟ್ಟುಬಿಡು ಮಾರಾಯ. ಹೋಟ್ಲಲ್ಲಿ ಪಾತ್ರೆ ತೊಳಿ,’ ಎಂದು ಅವಳು ಎಷ್ಟು ಸಲ ಹೇಳಿದ್ದಳು.

‘ಪಾತ್ರೆ ನನ್ನನ್ನ ತಬ್ಕೊಳ್ಳಲ್ವಲ್ಲ,’ ಎನ್ನುತ್ತಿದ್ದ.

ಅವರಿಗೆ ಮಕ್ಕಳಿರಲಿಲ್ಲ. ಅವನು ಹಾಗೆಂದ ಮೇಲೆ ಅವಳು ಸುಮ್ಮನಾಗುತ್ತಿದ್ದಳು. ಈಗ ಅನಿಸುತ್ತದೆ, ಸುಮ್ಮನಾಗಬಾರದಿತ್ತು.

ಅವನು ಸತ್ತ ದಿನ ಮಧ್ಯಾಹ್ನ ಎರಡೂವರೆಗೆ ಟಂಬೊನ ವೇಷ ತುಂಬಿದ ಚೀಲ ಕೆಳಗೆ ಬಂತು. ಬಿಚ್ಚಿದರೆ ಹೆನಾರೊನ ವಾಸನೆ. ಸೊಂಟನೋವಿಗೆ ಅವನು ದಿನಾ ಬೆಳಿಗ್ಗೆ ಅಲ್ಕೊಲಾಡೊ ಎಂಬ ಘಾಟಿನ ಔಷಧಿ ಹಚ್ಚಿಕೊಳ್ಳುತ್ತಿದ್ದ, ಬೆವರಿನ ಜೊತೆ ಅದೂ ಬೆರೆತ ವಾಸನೆ. ಬೆನ್ನಿನ ಜಿಪ್ಪು ಹರಿದಿತ್ತು. ಏನಪ್ಪಾ ಇವನು, ಇಷ್ಟು ಒರಟಾಗಿ ಕಳಚಿದ್ದಾನೆ, ಮನೆಗೆ ಬರಲಿ, ಎಂದು ಬೈದುಕೊಂಡು ಯಂತ್ರಕ್ಕೆ ಹಾಕಿದಳು. ಸೋಪು ಹಾಕಿದಳು. ಗುಂಡಿ ಒತ್ತಿದಳು.

ಯಂತ್ರ ಇನ್ನೂ ತಿರುಗುತ್ತಿತ್ತು. ಮೇಲ್ವಿಚಾರಕ ರೂಬೆನ್ ತಿರಾದೊ ಮೆಟ್ಟಿಲಿಳಿದು ಬಂದ. ‘ದೋನ್ಯಾ ಅವಿಲ್ಡಾ,’ ಎಂದ, ಹಿರಿಯ ಹೆಂಗಸರನ್ನು ಗೌರವಿಸಿ ಕರೆಯುವ ಹಾಗೆ. ‘ಸ್ವಲ್ಪ ಕೂತ್ಕೊಳ್ಳಿ.’

ಗಂಡನ ಕೊನೆಯ ಬೆವರನ್ನು ಅವಳೇ ಒಗೆದು ಹಾಕಿದ್ದಳು. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅದೇ ವೇಷ ಪಾರ್ಕಿನ ಕಾರಂಜಿಯ ಮುಂದೆ ನಿಂತು ಕೈ ಬೀಸಿತು.

ವಿಶ್ರಾಂತಿ ಕೋಣೆಯಲ್ಲಿ ಕೂತಿದ್ದಾಗ ಎದೆ ಹಿಡಿದುಕೊಂಡಿತು ಎಂದು ರೂಬೆನ್ ಹೇಳಿದ್ದ. ಅವಳೂ ನಂಬಿದ್ದಳು. ಕಾರ್ಡು ಬಂದ ದಿನ ಸಂಜೆ ಸೊರಾಯಿದಾ ಬಂದಳು. ಒಂಬತ್ತು ವರ್ಷ ಟಂಬೊನ ಮೊಣಕೈ ಹಿಡಿದು ನಡೆಸಿದವಳು. ಕರಡಿಗೆ ಬಾಯಿಯ ಜಾಲರಿಯಿಂದ ಮಾತ್ರ ಕಾಣುತ್ತದೆ, ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ಸತ್ತವನಿಗಾಗಿ ಒಂಬತ್ತು ದಿನದ ಜಪಮಾಲೆಯ ಪ್ರಾರ್ಥನೆ ನಡೆಯುತ್ತಿತ್ತು. ಹೆಂಗಸರೆಲ್ಲ ಹೋಗುವ ತನಕ ಅವಳು ಕಾದಳು. ಕಾಫಿ ಮುಟ್ಟಲಿಲ್ಲ.

‘ಅವಿಲ್ಡಾ, ನಾನು ಹೇಳ್ದೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ ಕಣೇ.’

‘ಹಾಗಾದ್ರೆ ಹೇಳ್ಬೇಡ.’

‘ಹೇಳ್ದಿದ್ರೆ ನನಗೆ ನಿದ್ದೆ ಬರಲ್ಲ.’

ಅವಳು ಹೇಳಿದಳು. ಇಪ್ಪತ್ತು ನಿಮಿಷ ಹೊರಗೆ, ಆಮೇಲೆ ವಿಶ್ರಾಂತಿ ಎಂಬುದು ಕಾಗದದ ಮೇಲಿನ ಲೆಕ್ಕ. ಅವತ್ತು ಬದಲಿಗೆ ವೇಷ ಹಾಕುವ ಇಬ್ಬರು ಬಂದಿರಲಿಲ್ಲ. ಹೆನಾರೊ ಐವತ್ತು ನಿಮಿಷದಿಂದ ಕಾರಂಜಿಯ ಮುಂದೆ ಬಿಸಿಲಲ್ಲಿದ್ದ. ಅವಳ ಕೈಯನ್ನು ಎರಡು ಸಲ ಅದುಮಿದ. ನನಗೆ ಆಗುತ್ತಿಲ್ಲ ಎಂಬ ಗುರುತು ಅದು. ಅವಳು ವಾಕಿಟಾಕಿಯಲ್ಲಿ ಹೇಳಿದಳು. ಈ ಒಂದು ಮನೆಯವರ ಫೋಟೊ ಮುಗಿಸಿ ಬನ್ನಿ, ಎಂದು ಉತ್ತರ ಬಂತು. ಹೆನಾರೊ ಮಂಡಿಯೂರಿದ. ಆಟ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಆಮೇಲೆ ಪಕ್ಕಕ್ಕೆ ಉರುಳಿದ.

‘ತಲೆಯ ಕೊಂಡಿಗೆ ಕೈ ಹಾಕ್ದೆ ಕಣೇ. ದೇವರಾಣೆ ಹಾಕ್ದೆ. “ಅಲ್ಲಿ ತೆಗೀಬೇಡ, ಮಕ್ಕಳಿದಾರೆ, ಗೇಟಿನ ಹಿಂದೆ ತಗೊಂಬಾ” ಅಂತ ವಾಕಿಟಾಕಿಯಲ್ಲಿ ಅಂದ್ರು. ಗಾಡಿ ಬರೋ ತನಕ ಏನಾದ್ರೂ ಹೇಳು ಅಂದ್ರು.’

‘ಏನು ಹೇಳ್ದೆ?’

ಸೊರಾಯಿದಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

‘“ಟಂಬೊ ಜಾಸ್ತಿ ಜೇನು ತಿಂದ್ಬಿಟ್ಟಿದಾನೆ, ನಿದ್ದೆ ಬಂದಿದೆ” ಅಂದೆ. ನಗ್ತಾ ಹೇಳ್ದೆ. ಎಲ್ರೂ ನಕ್ಕರು. ಗಾಡಿ ಬಂದು, ಗೇಟು ದಾಟಿ, ತಲೆ ತೆಗೆಯೋಷ್ಟರಲ್ಲಿ ಆರು ನಿಮಿಷ. ನಾನು ಗಡಿಯಾರ ನೋಡ್ತಾನೇ ಇದ್ದೆ.’

ಅವಿಲ್ಡಾ ಅಳಲಿಲ್ಲ. ಸೊರಾಯಿದಾಳನ್ನು ಬೈಯಲೂ ಇಲ್ಲ. ಆರು ನಿಮಿಷ ಎಂದರೆ ಎಷ್ಟು ಎಂದು ಯೋಚಿಸಿದಳು. ಅಕ್ಕಿ ತೊಳೆದು ಒಲೆಯ ಮೇಲಿಟ್ಟು ಕುದಿ ಬರುವಷ್ಟು. ಅಷ್ಟು ಹೊತ್ತು ಒಬ್ಬ ಮನುಷ್ಯ ಚಪ್ಪಾಳೆಯ ಮಧ್ಯೆ ಉಸಿರಿಲ್ಲದೆ ಬಿದ್ದಿದ್ದ. ಸುತ್ತ ಮುನ್ನೂರು ಜನ ಫೋಟೊ ತೆಗೆಯುತ್ತಿದ್ದರು. ಆ ಫೋಟೊಗಳು ಈಗ ಯಾರ ಯಾರ ಮನೆಯ ಗೋಡೆಯ ಮೇಲೆ ಇವೆಯೋ. ಮಕ್ಕಳು ಹೆದರಬಾರದಂತೆ! ಹೆನಾರೊ ಯಾರ ಮಗನೂ ಅಲ್ಲವೇ?

ಏಳನೇ ದಿನ ರೂಬೆನ್ ತಿರಾದೊ ಬಂದ. ಪ್ರಾರ್ಥನೆಗೆ ಬಂದ ಎಂಟು ಹೆಂಗಸರು ಕೂತಿದ್ದರು, ಸೊರಾಯಿದಾಳೂ ಇದ್ದಳು. ಅವನ ಕೈಯಲ್ಲಿ ಒಂದು ಪೊಟ್ಟಣ ಕೇಕು, ಕಂಕುಳಲ್ಲಿ ಒಂದು ಫೈಲು. ರೂಬೆನ್ ಬೇರೆಯವನಲ್ಲ, ಅವರದೇ ದ್ವೀಪದ ಕಾಗ್ವಾಸಿನ ಹುಡುಗ. ಮೇಲ್ವಿಚಾರಕನಾಗುವ ಮುಂಚೆ ಎಂಟು ವರ್ಷ ಬಾತುಕೋಳಿಯಾಗಿದ್ದವನು. ಇದೇ ಮೇಜಿನಲ್ಲಿ ಎಷ್ಟೋ ಭಾನುವಾರ ಉಂಡವನು.

‘ದೋನ್ಯಾ ಅವಿಲ್ಡಾ, ಒಂದು ಸಣ್ಣ ಕೆಲಸ. ಫೈಲು ಮುಚ್ಬೇಕು. ಇಲ್ಲೊಂದು ಸಹಿ.’

‘ಓದು.’

‘ಮಾಮೂಲಿ ಕಾಗದ ಅಷ್ಟೇ.’

‘ನನಗೆ ಕನ್ನಡಕ ಸಿಕ್ತಿಲ್ಲ. ನೀನೇ ಓದು.’

ಅವನು ಓದಿದ. ಹೆನಾರೊ ಕೀಲೆಸ್ ಎಂಬ ನೌಕರ ವೇಷ ಕಳಚಿ ವಿಶ್ರಾಂತಿ ಕೋಣೆಯಲ್ಲಿ ಕೂತಿದ್ದಾಗ ಅಸ್ವಸ್ಥನಾದ. ತಕ್ಷಣ ಚಿಕಿತ್ಸೆ ಕೊಡಲಾಯಿತು. ಮನೆಯವರಿಗೆ ಈ ವಿಷಯದಲ್ಲಿ ಯಾವ ತಕರಾರೂ ಇಲ್ಲ.

ಸೊರಾಯಿದಾ ನೆಲ ನೋಡುತ್ತಿದ್ದಳು. ಅವಿಲ್ಡಾ ಅವಳ ಕಡೆ ತಿರುಗಲಿಲ್ಲ.

‘ವೇಷ ಕಳಚಿದ್ನಾ?’

‘ಹೂಂ.’

‘ಜಿಪ್ಪು ಹರಿದಿತ್ತಲ್ಲೋ ರೂಬೆನ್. ಒಗೆದವಳು ನಾನು. ಕಳಚಿದವನು ಜಿಪ್ಪು ಹರೀತಾನಾ?’

ರೂಬೆನ್ ಬೆವರು ಒರೆಸಿಕೊಂಡ. ‘ನಿಮ್ಮ ಕೆಲಸಕ್ಕೆ ಏನೂ ತೊಂದ್ರೆ ಆಗಬಾರ್ದು ಅಂತ ನಾನೇ ಮೇಲೆ ಮಾತಾಡಿದೀನಿ. ಸಹಿ ಹಾಕಿದ್ರೆ ಎಲ್ಲಾ ಸುಸೂತ್ರ.’

‘ನೀನು ಬಾತುಕೋಳಿ ಒಳಗೆ ಎಷ್ಟು ಸಲ ವಾಂತಿ ಮಾಡ್ಕೊಂಡಿದ್ದೆ?’

‘ಅದೆಲ್ಲ ಈಗ್ಯಾಕೆ…’

‘ಎಷ್ಟು ಸಲ?’

‘ನಾಲ್ಕು,’ ಎಂದ ಅವನು.

‘ನಾಲ್ಕೂ ಸಲ ತೊಳೆದವಳು ನಾನು. ಯಾರಿಗೂ ಹೇಳಿರ್ಲಿಲ್ಲ. ಪೆನ್ನು ಕೊಡು.’

ಅವನು ಕೊಟ್ಟ. ಅವಿಲ್ಡಾ ಕಾಗದ ಎಳೆದುಕೊಂಡಳು. ನಾಲ್ಕನೇ ತರಗತಿ ಓದಿದ ಕೈ, ತನ್ನ ಹೆಸರು ಬರೆಯಲೂ ತಡವರಿಸುವ ಕೈ, ಅವತ್ತು ನಿಲ್ಲದೆ ಓಡಿತು. ಟೋಪಿ, ಎರಡು ಕಿವಿ, ಜೇನುನೊಣದ ಗೆರೆ. ನಾಲ್ಕು ದಿನ ಮೇಜಿನ ಮೇಲೇ ಬಿದ್ದಿದ್ದ ಕಾರ್ಡನ್ನು ತೆಗೆದು ಪಕ್ಕದಲ್ಲಿಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ರೂಬೆನ್ ಅದನ್ನು ನೋಡಿದ.

‘ಇದು ನಡೆಯಲ್ಲ ದೋನ್ಯಾ.’

‘ಯಾಕೆ ನಡೆಯಲ್ಲ? ಈ ಕಾರ್ಡಲ್ಲಿ ನಡೀತು. ಕಾರಂಜಿ ಮುಂದೆ ಬಿದ್ದಿದ್ದು ಯಾರು? ಕರಡಿ. ಒಳಗೆ ಮನುಷ್ಯ ಇಲ್ಲ ಅನ್ನೋರು ನೀವೇ ಅಲ್ವಾ? ಹಾಗಾದ್ರೆ ಏನಾಯ್ತು ಅಂತ ಕರಡಿಯೇ ಸಹಿ ಹಾಕ್ಲಿ. ನನ್ನನ್ಯಾಕೆ ಕೇಳ್ತೀರಿ?’

ಜಪ ಹೇಳಿಸುವ ಮುದುಕಿ ದೋನ್ಯಾ ಎವುಲೊಹಿಯಾ ಕನ್ನಡಕ ಮೇಲೆತ್ತಿ ಕಾಗದದ ಮೇಲೆ ಬಗ್ಗಿದಳು. ‘ಚೆನ್ನಾಗೇ ಬರೀತದಲ್ಲ ಕರಡಿ! ನಮ್ಮ ಮನೆಯವರು ಸಾಯೋ ತನಕ ಹೆಬ್ಬೆಟ್ಟೇ ಒತ್ತಿದ್ರು,’ ಎಂದಳು. ಒಬ್ಬಿಬ್ಬರು ನಕ್ಕರು. ನಗು ತಕ್ಷಣ ನಿಂತಿತು.

‘ಆರು ನಿಮಿಷ,’ ಎಂದಳು ಸೊರಾಯಿದಾ.

ರೂಬೆನ್ ತಿರುಗಿದ. ‘ಸೊರಾಯಿದಾ, ಯೋಚ್ನೆ ಮಾಡಿ ಮಾತಾಡು.’

‘ಏಳು ದಿನದಿಂದ ಅದೇ ಯೋಚ್ನೆ. ಆರು ನಿಮಿಷ ರೂಬೆನ್. ತಲೆ ತೆಗೀಬೇಡ ಅಂತ ವಾಕಿಟಾಕಿಯಲ್ಲಿ ಹೇಳಿದ್ದು ನಿನ್ನ ಗಂಟಲೇ.’

ಅವಿಲ್ಡಾಳಿಗೆ ಅದು ಗೊತ್ತಿರಲಿಲ್ಲ. ಯಾರೋ ಮೇಲಿನವರು ಎಂದುಕೊಂಡಿದ್ದಳು. ಅವಳು ರೂಬೆನ್‌ನನ್ನು ನೋಡಿದಳು. ಅವನು ಬಾಗಿಲ ಕಡೆ ನೋಡುತ್ತಿದ್ದ.

‘ನನಗೂ ಮೇಲಿನಿಂದ ಹೇಳಿದ್ರು,’ ಎಂದ ಅವನು. ‘ನಿಯಮ ಇದೆ. ನಾನೇನು ಮಾಡ್ಲಿ?’

‘ನೀನು ಬಾತುಕೋಳಿ ಆಗಿದ್ದವನಲ್ವೇನೋ,’ ಎಂದಳು ಅವಿಲ್ಡಾ. ಕೂಗಲಿಲ್ಲ. ‘ಒಳಗೆ ಹೇಗಿರುತ್ತೆ ಅಂತ ಗೊತ್ತಿಲ್ಲದವನು ಹೇಳಿದ್ರೆ ಒಂದು ಮಾತು. ನಿನಗೆ ಗೊತ್ತಿತ್ತು.’

ಕಾಗದ ತಿರುಗಿಸಿ ಅದರ ಹಿಂದೆ ಬರೆದಳು. ತಪ್ಪು ತಪ್ಪಾಗಿ, ದಪ್ಪ ಅಕ್ಷರದಲ್ಲಿ: ‘ಹೆನಾರೊ ಕೀಲೆಸ್ ಹದಿನೇಳು ವರ್ಷ ಟಂಬೊ ಆಗಿದ್ದ. ಕಾರಂಜಿ ಮುಂದೆ ಕರಡಿ ವೇಷದಲ್ಲಿ ಬಿದ್ದ. ಆರು ನಿಮಿಷ ಯಾರೂ ತಲೆ ತೆಗೆಯಲಿಲ್ಲ.’ ಅದರ ಕೆಳಗೆ ತನ್ನ ಹೆಸರು ಬರೆದಳು. ಅದಕ್ಕೆ ತುಂಬ ಹೊತ್ತು ಹಿಡಿಯಿತು. ಸೊರಾಯಿದಾ ಎದ್ದು ಬಂದು ತನ್ನ ಹೆಸರನ್ನೂ ಬರೆದಳು. ಎವುಲೊಹಿಯಾ ಫೋನು ತೆಗೆದು ಕಾಗದದ ಎರಡೂ ಬದಿಯ ಫೋಟೊ ತೆಗೆದಳು.

‘ತಗೊಂಡ್ಹೋಗು. ನಿನ್ನ ಫೈಲಿಗೆ ಹಾಕ್ಕೊ. ಕೇಕೂ ತಗೊಂಡ್ಹೋಗು,’ ಎಂದಳು ಅವಿಲ್ಡಾ.

ಒಂಬತ್ತನೇ ದಿನದ ಪ್ರಾರ್ಥನೆ ಮುಗಿಯಿತು. ಸೋಮವಾರ ಅವಿಲ್ಡಾ ಎಂದಿನಂತೆ ಆರೂವರೆಯ ಬಸ್ಸು ಹಿಡಿದು ಪಾರ್ಕಿನ ಹಿಂಬಾಗಿಲಿಗೆ ಹೋದಳು. ಕೆಲಸದ ಗುರುತಿನ ಕಾರ್ಡು ತೋರಿಸಿದರೆ ಕೆಂಪು ದೀಪ. ಒರೆಸಿ ಮತ್ತೆ ತೋರಿಸಿದಳು. ಕೆಂಪು. ಕಾವಲಿನವನಿಗೆ ಹದಿನಾಲ್ಕು ವರ್ಷದಿಂದ ಅವಳ ಪರಿಚಯ. ಅವನು ಮುಖ ಎತ್ತಲಿಲ್ಲ. ‘ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ದೋನ್ಯಾ,’ ಎಂದ. ಸೊರಾಯಿದಾಳದೂ ಇರಲಿಲ್ಲ. ಅವಳು ಗೇಟಿನಾಚೆ ಹುಲ್ಲಿನ ಮೇಲೆ ಕೂತು ಯಾರೋ ವಕೀಲರ ನಂಬರಿಗೆ ಫೋನು ಮಾಡುತ್ತಿದ್ದಳು. ಆ ಕಾಗದದ ಫೋಟೊ ಅವಳ ಬಳಿಯೂ ಇತ್ತು.

‘ವಕೀಲರ ಆಫೀಸು ಒಂಬತ್ತಕ್ಕೆ ತೆಗೀತಾರಂತೆ. ಹೋಗೋಣ್ವಾ?’ ಎಂದಳು.

‘ಹೋಗದೆ ಏನು,’ ಎಂದಳು ಅವಿಲ್ಡಾ.

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಅಲ್ಲಿ ಪಾರ್ಕಿನ ಮುಂಬಾಗಿಲಿಗೆ ಹೋಗುವ ಬಸ್ಸಿಗಾಗಿ ಒಬ್ಬ ತಾಯಿ, ಐದಾರು ವರ್ಷದ ಮಗಳು ನಿಂತಿದ್ದರು. ಮಗುವಿನ ತಲೆಯ ಮೇಲೆ ಕರಡಿಯ ಕಿವಿಗಳು. ಅವಿಲ್ಡಾಳ ಮೈಮೇಲಿದ್ದ ಕೆಲಸದ ಅಂಗಿಯನ್ನು ನೋಡಿ ಮಗು ಕೇಳಿತು:

‘ಅಜ್ಜಿ, ನಿಮಗೆ ಟಂಬೊ ಗೊತ್ತಾ?’

‘ಪಾರ್ಕಿನವರೆಲ್ಲ “ಟಂಬೊ ನನ್ನ ಗೆಳೆಯ” ಅಂತಲೇ ಹೇಳ್ತಾರೆ ನೋಡು,’ ಎಂದು ತಾಯಿ ನಗುತ್ತ ಮಗಳನ್ನು ಮುಂದೆ ಸರಿಸಿದಳು.

ಅವಿಲ್ಡಾ ಮಗುವಿನ ಕಿವಿಗಳನ್ನು ನೋಡಿದಳು. ಒಂದು ವಾಲಿತ್ತು. ಅದನ್ನು ನೆಟ್ಟಗೆ ಮಾಡಿದಳು.

‘ಗೆಳೆಯ ಅಲ್ಲಮ್ಮ, ಗಂಡ,’ ಎಂದಳು. ‘ಅವರ ಹೆಸರು ಹೆನಾರೊ.’