ಸಾವನೇರ್ ರಸ್ತೆಯಲ್ಲಿ ಮಾತ್ರ ಕೆಡುವ ಗಾಡಿ

ಹೊಗೆ ಕಾರುತ್ತ ಬಂದ ಗಾಡಿಯ ಮೇಲೆ ನನಗೆ ಸಿಟ್ಟಿಲ್ಲ. ಹಗ್ಗ ಕಟ್ಟಿ ಎಳೆದು ತಂದ ಗಾಡಿಯ ಮೇಲೂ ಇಲ್ಲ. ಅವುಗಳ ರೋಗ ಕಣ್ಣೆದುರಿಗೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ದಾರಿಯಲ್ಲಿ ಕೆಟ್ಟು, ಗ್ಯಾರೇಜಿನ ಗೇಟು ದಾಟುತ್ತಲೇ ಏನೂ ಆಗಿಲ್ಲವೆಂಬಂತೆ ನಿಂತುಬಿಡುವ ಗಾಡಿ ಇರುತ್ತದಲ್ಲ, ಅದು ಮಾತ್ರ ನನ್ನ ತಲೆ ತಿನ್ನುತ್ತದೆ. ಅಂಥದೊಂದು ಗಾಡಿ ನನ್ನನ್ನು ಹೆಚ್ಚುಕಡಿಮೆ ಎರಡು ತಿಂಗಳು ಕಾಡಿತು.

ಡೀಸೆಲ್ ಪಂಪು, ಇಂಜೆಕ್ಟರುಗಳ ಕೆಲಸವನ್ನು ನಾನು ಕಲಿತದ್ದು ಹುಬ್ಬಳ್ಳಿಯಲ್ಲಿ. ಹೆಂಡತಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ನೌಕರಿ. ಅವಳಿಗೆ ನಾಗಪುರಕ್ಕೆ ವರ್ಗವಾದಾಗ ನಾನೂ ಬಂದು ಧರಮಪೇಠದ ಒಂದು ಗ್ಯಾರೇಜಿನಲ್ಲಿ ಸೇರಿಕೊಂಡೆ. ಮಾಲಕರು ಅರವತ್ತು ದಾಟಿದವರು, ಇದೇ ಊರಿನವರು. ಬಾಯಲ್ಲಿ ಸದಾ ಖರ್ರಾ, ಅಂದರೆ ತಂಬಾಕು ಹಾಕಿ ತಿಕ್ಕಿದ ಅಡಿಕೆ. ಅದು ಚೆಲ್ಲಬಾರದೆಂದು ಗದ್ದ ಮೇಲಕ್ಕೆತ್ತಿಯೇ ಮಾತಾಡುತ್ತಿದ್ದರು. ದಕ್ಷಿಣದಿಂದ ಬಂದವರೆಲ್ಲ ಅವರ ಪಾಲಿಗೆ ‘ಅಣ್ಣಾ’, ನಾನೂ ಅಣ್ಣಾ. ಬ್ರೇಕು, ಕ್ಲಚ್ಚು ಅವರದು. ಇಂಜೆಕ್ಟರು, ಟರ್ಬೊ, ಸ್ಕ್ಯಾನರು ನನ್ನದು.

ಒಂದು ಬೆಳಿಗ್ಗೆ ಫೋನಿನಲ್ಲಿ ಹೆಂಡತಿಯೊಡನೆ ಮಾತಾಡುತ್ತಿದ್ದೆ. ಬಿಳಿ ಕಾರಿನಿಂದ ಇಳಿದ ಹೆಂಗಸೊಬ್ಬರು ನಾನು ಫೋನು ಇಡುವವರೆಗೆ ಕಾದು ನಿಂತರು. ಐವತ್ತರ ಆಸುಪಾಸು, ಹೆಗಲಿಗೆ ದೊಡ್ಡ ಚೀಲ.

“ನೀವು ಕನ್ನಡದವ್ರಾ?”

“ಹೌದ್ರಿ. ಹುಬ್ಬಳ್ಳಿ ಕಡೆಯವ.”

“ಸದ್ಯ. ನಾಲ್ಕು ತಿಂಗಳಿಂದ ಈ ಗಾಡಿ ಕಥೇನ ಹಿಂದೀಲಿ ಹೇಳಿ ಹೇಳಿ ಸಾಕಾಗಿದೆ. ನೀವಾದ್ರೂ ಪೂರ್ತಿ ಕೇಳಿಸ್ಕೊಳ್ಳಿ.”

ಮೈಸೂರಿನವರು, ಮಕ್ಕಳ ಡಾಕ್ಟರು. ರಾಮದಾಸಪೇಠ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ, ಗುರುವಾರಕ್ಕೊಮ್ಮೆ ಸಾವನೇರ್‌ನ ಚಿಕಿತ್ಸಾಲಯಕ್ಕೆ ಹೋಗಿಬರುತ್ತಾರೆ. ಗಾಡಿ ಟರ್ಬೊ ಡೀಸೆಲ್. ಊರೊಳಗೆ ಎಲ್ಲ ಸರಿ. ಕೊರಾಡಿ ದಾಟಿ ಕಲ್ಲಿದ್ದಲಿನ ಲಾರಿಯೊಂದನ್ನು ಹಿಂದೆ ಹಾಕಲು ಹೋದಾಗ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ, ಕಾಲು ಎಷ್ಟೇ ಒತ್ತಿದರೂ ನಲವತ್ತರ ಮೇಲೆ ಹೋಗುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ಪ್ರತಿ ಗುರುವಾರವೂ ಹೀಗಾಗುವುದಿಲ್ಲ. ಒಂದು ವಾರ ಆಗುತ್ತದೆ, ಒಂದು ವಾರ ಇಲ್ಲ.

ನನಗಿಂತ ಮೊದಲು ಮೂರು ಗ್ಯಾರೇಜು ಆಗಿದ್ದವು. ಮೊದಲನೆಯವರು ಇಂಜೆಕ್ಟರ್ ತೊಳೆದಿದ್ದರು. ಎರಡನೆಯವರು ನಾಲ್ಕು ಇಂಜೆಕ್ಟರನ್ನೂ ಹೊಸದು ಹಾಕಿದ್ದರು. ಮೂರನೆಯವರು ಟರ್ಬೊ ಕೆಟ್ಟಿದೆ ಅಂದರು, ಅದನ್ನು ಬಿಚ್ಚಿಸಲು ಡಾಕ್ಟರು ಒಪ್ಪಲಿಲ್ಲ.

ಸ್ಕ್ಯಾನರ್ ಹಚ್ಚಿದೆ. ಡೀಸೆಲ್ ಒತ್ತಡ ಕಡಿಮೆ ಎಂಬ ಒಂದೇ ದೂರು ಅದರಲ್ಲಿತ್ತು. ಈ ಎಂಜಿನ್ನಿನಲ್ಲಿ ಪಂಪು ಟ್ಯಾಂಕಿನಿಂದ ಡೀಸೆಲ್ ಎಳೆದು, ಭಾರೀ ಒತ್ತಡಕ್ಕೆ ಏರಿಸಿ ಒಂದು ದಪ್ಪ ಕೊಳವೆಗೆ ತುಂಬುತ್ತದೆ. ಅಲ್ಲಿಂದ ನಾಲ್ಕು ಇಂಜೆಕ್ಟರುಗಳು ಎಂಜಿನ್ನಿಗೆ ಚಿಮ್ಮಿಸುತ್ತವೆ. ಟರ್ಬೊ ಜಾಸ್ತಿ ಗಾಳಿ ತಳ್ಳಿದಾಗ ಅದಕ್ಕೆ ತಕ್ಕಷ್ಟು ಡೀಸೆಲ್ ಬೇಕು. ಆಗ ಒತ್ತಡ ಸಾಲದಿದ್ದರೆ ಕಂಪ್ಯೂಟರು ಎಂಜಿನ್ ಉಳಿಸಿಕೊಳ್ಳಲು ಅದರ ಶಕ್ತಿಯನ್ನೇ ತಗ್ಗಿಸಿಬಿಡುತ್ತದೆ. ಒತ್ತಡ ಯಾಕೆ ಸಾಲಲಿಲ್ಲ ಅನ್ನುವುದನ್ನು ಯಾವ ಸ್ಕ್ಯಾನರೂ ಹೇಳುವುದಿಲ್ಲ.

ಗಾಡಿ ತೆಗೆದುಕೊಂಡು ಹೊರವರ್ತುಲ ರಸ್ತೆಯಲ್ಲಿ ಎರಡು ಸಲ ಜೋರಾಗಿ ಓಡಿಸಿ ಬಂದೆ. ಏನೂ ಆಗಲಿಲ್ಲ. ಒತ್ತಡ ಕೇಳಿದಷ್ಟು ಬರೋಬರ್ ಬರುತ್ತಿತ್ತು. ಆಗ ನಾನು ಮಾಡಬಾರದ್ದನ್ನು ಮಾಡಿದೆ. ಒತ್ತಡ ಹಿಡಿದಿಡುವ ಒಂದು ವಾಲ್ವ್ ಇದೆ, ಅದು ಬಿಸಿಯಾದಾಗ ಸಿಕ್ಕಿಕೊಳ್ಳುವುದನ್ನು ಹಿಂದೆ ನೋಡಿದ್ದೆ. ಪುರಾವೆ ಏನೂ ಇರಲಿಲ್ಲ. ಮೂರು ಗ್ಯಾರೇಜಿಗೆ ಸಿಗದ್ದು ನನಗೆ ಸಿಕ್ಕಿತೆಂಬ ಹುರುಪಿನಲ್ಲಿ, “ವಾಲ್ವ್ ಐತ್ರಿ ಮೇಡಂ, ಬ್ಯಾರೆ ಏನಿಲ್ಲ” ಅಂದುಬಿಟ್ಟೆ. ವಾಲ್ವ್ ಬದಲಾಯಿಸಿ ಕಳಿಸಿದೆ.

ಆ ಗುರುವಾರ ಗಾಡಿ ನಿಲ್ಲಲಿಲ್ಲ. ಡಾಕ್ಟರು ಮರುದಿನ ನಾನಿಲ್ಲದಾಗ ಬಂದು ಒಂದು ಡಬ್ಬಿ ಕೋಡುಬಳೆ ಕೊಟ್ಟುಹೋದರು. ಕನ್ನಡದವರ ಕೈಗೇ ಕೊಡಬೇಕಿತ್ತು ಮೊದಲೇ, ಎಂದು ಮಾಲಕರ ಎದುರು ಹಿಂದಿಯಲ್ಲಿ ಹೇಳಿದರಂತೆ. ಮುಂದಿನ ಗುರುವಾರ ನಾನು ಅದೇ ಡಬ್ಬಿಯಿಂದ ಒಂದು ತೆಗೆದು ಬಾಯಿಗಿಡುವಾಗ ಫೋನ್ ಬಂತು.

“ಕೊರಾಡಿ ಹತ್ರ ನಿಂತಿದೀನಿ. ಮತ್ತೆ ಅದೇ.”

ಕೋಡುಬಳೆಯನ್ನು ಡಬ್ಬಿಗೆ ವಾಪಸು ಹಾಕಿ ಮುಚ್ಚಿದೆ.

ಎರಡನೆಯ ಸಲ ಗಾಡಿ ಬಂದಾಗ ನಾನು ಏನನ್ನೂ ಬದಲಾಯಿಸುವುದಿಲ್ಲ, ಬರೀ ಪರೀಕ್ಷೆ ಮಾಡುತ್ತೇನೆ ಎಂದು ನಿರ್ಧರಿಸಿದೆ. ಟರ್ಬೊದ ಗಾಳಿ ಪೈಪುಗಳನ್ನು ಸಾಬೂನು ನೀರು ಹಚ್ಚಿ ನೋಡಿದೆ, ಎಲ್ಲೂ ಸೋರಲಿಲ್ಲ. ಇಂಜೆಕ್ಟರ್ ಒಳಗೊಳಗೆ ಸವೆದಿದ್ದರೆ ಅದರಿಂದ ಟ್ಯಾಂಕಿಗೆ ವಾಪಸು ಹೋಗುವ ಡೀಸೆಲ್ ಜಾಸ್ತಿ ಇರುತ್ತದೆ. ಅದಕ್ಕೆಂದು ನಾಲ್ಕಕ್ಕೂ ಒಂದೊಂದು ಸಣ್ಣ ಬಾಟ್ಲಿ ತೂಗುಹಾಕಿ ಎಂಜಿನ್ ಓಡಿಸಿದೆ. ನಾಲ್ಕೂ ಒಂದೇ ಮಟ್ಟಕ್ಕೆ ತುಂಬಿದವು. ಫಿಲ್ಟರ್ ಬಿಚ್ಚಿ ನೋಡಿದೆ, ಸ್ವಚ್ಛ. ಮತ್ತೆ ಓಡಿಸಿ ಬಂದೆ, ಗಾಡಿ ಹುಲಿಯಂತೆ ಓಡಿತು. ಸ್ಟಿಯರಿಂಗಿಗೆ ಒಂದು ಗುದ್ದು ಗುದ್ದಿದೆ.

ಮಾಲಕರು ಗದ್ದ ಎತ್ತಿ, “ಪಂಪು ಬದಲಾಯಿಸು ಅಣ್ಣಾ, ಮುಗಿದುಹೋಗ್ತದೆ” ಎಂದು ಹಿಂದಿಯಲ್ಲಿ ಹೇಳಿದರು. ಬಾಯಿಂದ ನಾಲ್ಕು ಅಡಿಕೆ ಚೂರು ನನ್ನ ಬಾಟ್ಲಿಗಳ ಹತ್ತಿರ ಬಿದ್ದವು. ಪಂಪು ಕೆಟ್ಟಿದ್ದರೆ ದಿನಾ ಕೆಡಬೇಕಿತ್ತಲ್ಲ ಅಂದೆ. ಅವರು ಹೆಗಲು ಕುಣಿಸಿ ಒಳಗೆ ಹೋದರು.

ಡಾಕ್ಟರ ಫೋನುಗಳು ಇನ್ನೊಂದು ಕಾಟ. ಕನ್ನಡದವನೆಂಬ ಸಲುಗೆಯಿಂದ ನನ್ನ ಊಟದ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದರು. ಎಲ್ಲೋ ಓದಿದ್ದನ್ನು ಹೇಳುತ್ತಿದ್ದರು. ಸೆನ್ಸರ್ ಇರಬಹುದಾ? ಡೀಸೆಲ್ಲಲ್ಲಿ ನೀರು ಸೇರಿರಬಹುದಾ? “ನೋಡೀನ್ರಿ ಮೇಡಂ” ಎಂದು ಹೇಳಿ ಹೇಳಿ ನನ್ನ ದವಡೆ ನೋಯುತ್ತಿತ್ತು. ಯಾವಾಗ ಆಗುತ್ತದೆ, ಬಿಸಿಲಿತ್ತೋ, ಎ.ಸಿ. ಹಾಕಿತ್ತೋ, ಯಾವ ಗೇರಿನಲ್ಲಿತ್ತೋ ಎಂದು ನಾನು ಕೇಳಿದರೆ, “ಒಮ್ಮೊಮ್ಮೆ ಆಗತ್ತೆ ಅಂದ್ನಲ್ಲ” ಎಂಬ ಉತ್ತರ.

ಕೊನೆಗೆ ಹೇಳಿದೆ: “ಮೇಡಂ, ಇನ್ನ ನೀವು ಗಾಡಿ ತರಬ್ಯಾಡ್ರಿ. ನಾನೇ ನಿಮ್ಮ ಜೋಡಿ ಸಾವನೇರ್‌ಗೆ ಬರ್ತೀನಿ. ಅದು ನನ್ನ ಕಣ್ಣಮುಂದ ಕೆಡಬೇಕು.”

ಆ ಗುರುವಾರ ಏನೂ ಆಗಲಿಲ್ಲ. ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ಒಂದು ದಿನದ ಕೆಲಸ ಹಾಳು. ಮುಂದಿನ ಗುರುವಾರ ಮತ್ತೆ ಹೋದೆ. ಮೇ ತಿಂಗಳು, ಬೆಳಿಗ್ಗೆ ಒಂಬತ್ತಕ್ಕೇ ರಸ್ತೆ ಕಾದ ಹಂಚು. ಅವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಸ್ಕ್ಯಾನರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ದಾರಿಯುದ್ದಕ್ಕೂ ಅವರು ತಾಯಂದಿರನ್ನು ಬೈಯುತ್ತ ಬಂದರು.

“ಮಗೂಗೆ ರಾತ್ರಿಯೆಲ್ಲ ಜ್ವರ ಅಂತಾರೆ. ಥರ್ಮಾಮೀಟರ್ ಇಟ್ರೆ ಏನೂ ಇಲ್ಲ. ಆಮೇಲೆ ಗೊತ್ತಾಗತ್ತೆ, ಹೊರಡೋ ಮುಂಚೆ ಸಿರಪ್ ಕುಡಿಸಿರ್ತಾರೆ. ಕೇಳಿದ್ರೆ, ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ಬೇಕಲ್ಲ ಮೇಡಂ, ಮಗು ಅಳಬಾರ್ದು ಅಂತ ಕೊಟ್ವಿ ಅಂತಾರೆ. ಏನ್ ಹೇಳೋದು ಇವ್ರಿಗೆ?”

“ಖರೆ ಐತ್ರಿ” ಅಂದೆ. ನನ್ನ ಕಣ್ಣು ಅಂಕಿಗಳ ಮೇಲಿತ್ತು.

ಕೊರಾಡಿ ದಾಟಿದ ಮೇಲೆ ಎರಡು ಕಲ್ಲಿದ್ದಲಿನ ಲಾರಿ ಒಂದರ ಹಿಂದೊಂದು ಹೋಗುತ್ತಿದ್ದವು. ಅವರು ಕಾಲು ಒತ್ತಿದರು. ಕಂಪ್ಯೂಟರು ಸಾವಿರದ ನಾನೂರು ಬಾರ್ ಒತ್ತಡ ಕೇಳಿತು. ಬಂದದ್ದು ಒಂಬೈನೂರು. ಆಮೇಲೆ ಆರುನೂರು. ದೀಪ ಹತ್ತಿತು, ಗಾಡಿ ಕುಗ್ಗಿತು, ಹಿಂದಿನ ಲಾರಿಯವನು ಹಾರ್ನ್ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ನಮ್ಮಿಬ್ಬರಿಗೂ ಒಂದು ಥರ ಸಂತೋಷವಾಯಿತು.

“ಆಯ್ತಲ್ಲ? ನೋಡಿದ್ರಲ್ಲ?” ಅಂದರು ಡಾಕ್ಟರು.

“ನೋಡಿದ್ನಿ.”

ಒತ್ತಡ ಒಮ್ಮೆಲೇ ಬಿದ್ದಿರಲಿಲ್ಲ, ನಡುಗುತ್ತ ನಡುಗುತ್ತ ಇಳಿದಿತ್ತು. ವಾಲ್ವ್ ಸಿಕ್ಕಿಕೊಂಡರೆ ಹಾಗೆ ಇಳಿಯುವುದಿಲ್ಲ. ಪಂಪಿಗೆ ಡೀಸೆಲ್ ಜೊತೆ ಗಾಳಿಯೂ ಹೋಗುತ್ತಿದೆಯೇ ಅನ್ನಿಸಿತು. ಆದರೆ ಎಲ್ಲಿಂದ? ಒಂದು ವಾರ ಹೋಗಿ ಇನ್ನೊಂದು ವಾರ ಯಾಕಿಲ್ಲ? ಮುಂದಿನ ಡಯಲಿನಲ್ಲಿ ಟ್ಯಾಂಕಿನ ಮುಳ್ಳು ಕಾಲು ಭಾಗಕ್ಕಿಂತ ಕೆಳಗಿತ್ತು. ನೋಡಿದೆ, ಆದರೆ ತಲೆಗೆ ಹೋಗಲಿಲ್ಲ.

ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ, ನಿಧಾನಕ್ಕೆ ಸಾವನೇರ್ ಮುಟ್ಟಿದೆವು. ಅವರು ಮಕ್ಕಳನ್ನು ನೋಡಿ ಮುಗಿಸುವವರೆಗೆ ನಾನು ಹೊರಗಿನ ಬೆಂಚಿನ ಮೇಲೆ ತಾಯಂದಿರ ನಡುವೆ ಸ್ಕ್ಯಾನರ್ ಹಿಡಿದು ಕೂತೆ. ಪಕ್ಕದ ಹೆಂಗಸು ಮರಾಠಿಯಲ್ಲಿ, ನಿಮ್ಮ ಮಗು ಎಲ್ಲಿ ಎಂದು ಕೇಳಿದಳು. ಹೊರಗೆ ಬಿಸಿಲಲ್ಲಿ ನಿಂತಿದೆ ಅಂದೆ. ಅವಳು ಗಾಬರಿಯಾಗಿ ಎದ್ದು ನೋಡಿದಳು. ಆಮೇಲೆ ಅವಳಿಗೆ ಎಲ್ಲ ಬಿಡಿಸಿ ಹೇಳಬೇಕಾಯಿತು. ಮಾತು ಮುಗಿಯುವಷ್ಟರಲ್ಲಿ ಇನ್ನಿಬ್ಬರು ತಂತಮ್ಮ ಗಂಡಂದಿರ ಗಾಡಿಯ ಕಷ್ಟ ಶುರುಮಾಡಿದ್ದರು.

ಮಧ್ಯಾಹ್ನ ವಾಪಸು ಹೊರಟಾಗ ಡಾಕ್ಟರಿಗೆ ನಾನೇ ಹೇಳಿದೆ, “ಸೀದಾ ಗ್ಯಾರೇಜಿಗೆ ನಡೀರಿ. ಇವತ್ತು ಹಿಡೀಲಿಕ್ಕೇ ಬೇಕು.” ಊರು ಹತ್ತಿರವಾದಾಗ ಅವರು ಇಂಡಿಕೇಟರ್ ಹಾಕಿ ಪೆಟ್ರೋಲ್ ಬಂಕಿನ ಕಡೆ ತಿರುಗಿಸಿದರು.

“ಇಲ್ಲ್ಯಾಕ್ರಿ?”

“ಗ್ಯಾರೇಜಿಗೆ ಬಿಡೋದಲ್ವಾ, ಟ್ಯಾಂಕ್ ಫುಲ್ ಮಾಡಿಸ್ಬಿಡ್ತೀನಿ. ನೀವು ಓಡಿಸಿ ನೋಡ್ಬೇಕಲ್ಲ. ಖಾಲಿ ಗಾಡಿ ಕೊಟ್ರೆ ಚೆನ್ನಾಗಿರಲ್ಲ.”

“ಪ್ರತಿ ಸಲಾನೂ ಹಿಂಗ ತುಂಬಿಸಿ ತರ್ತಿದ್ರೇನ್ರಿ?”

“ಪ್ರತಿ ಸಲ. ಎಲ್ಲಾ ಗ್ಯಾರೇಜಿಗೂ. ಯಾಕೆ?”

ಬಂಕಿನವನು ಮುಚ್ಚಳ ತೆರೆಯಿರಿ ಎಂದು ಗಾಜು ತಟ್ಟುತ್ತಿದ್ದ. ನಾನು ಅವನಿಗೆ ಬೇಡ ಬೇಡ ಎಂದು ಕೈ ಮಾಡಿದೆ. ಡಾಕ್ಟರು ನನ್ನ ಮುಖ ನೋಡಿದರು.

“ಮೇಡಂ, ಟ್ಯಾಂಕಿನೊಳಗ ಡೀಸೆಲ್ ಹೀರೂ ಕೊಳವಿ ಇರ್ತದ. ಅದು ನಡುವ ಎಲ್ಲೋ ಸೀಳಿರಬೇಕು. ಟ್ಯಾಂಕ್ ತುಂಬಿದ್ರ ಸೀಳು ಡೀಸೆಲ್ಲಿನಾಗ ಮುಳುಗಿರ್ತದ, ಏನೂ ಆಗೂದಿಲ್ಲ. ಅರ್ಧಕ್ಕಿಂತ ಇಳೀತು ಅಂದ್ರ ಸೀಳಿನಾಗಿಂದ ಗಾಳಿ ಎಳೀತದ. ಊರಾಗ ನಡೀತದ, ಲಾರಿ ಹಿಂದ ಹಾಕುವಾಗ ಮಾತ್ರ ಸಿಕ್ಕಿಬೀಳ್ತದ. ನೀವು ತುಂಬಿಸಿ ತಂದಿರಿ, ನಮಗ ಏನೂ ಸಿಗಲಿಲ್ಲ.”

ಅವರು ಗಾಜು ಇಳಿಸಿ ಬಂಕಿನವನಿಗೆ ತಾವೂ ಬೇಡವೆಂದರು. ಆಮೇಲೆ, “ನಾನೂ ಸಿರಪ್ ಕುಡಿಸಿ ಕರ್ಕೊಂಡ್ ಬಂದಿದೀನಿ” ಅಂದರು. ನಾನು ನಗಲಿಲ್ಲ. ನನಗೆ ನಗುವಷ್ಟು ತಾಳ್ಮೆ ಉಳಿದಿರಲಿಲ್ಲ.

ಊಹೆ ಒಂದು ಸಲ ಮಾಡಿ ಕೋಡುಬಳೆ ತಿಂದಾಗಿತ್ತು, ಈ ಸಲ ಕಣ್ಣಿಂದ ನೋಡಬೇಕಿತ್ತು. ಗ್ಯಾರೇಜಿನ ಪಕ್ಕದ ಮನೆಗೆ ಮೇಲಿನ ಮಹಡಿ ಕಟ್ಟುತ್ತಿದ್ದರು. ಅಲ್ಲಿನ ಗೌಂಡಿಯ ಹತ್ತಿರ ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪು ಇತ್ತು. ಮೊಳದುದ್ದ ಕೊಡು ಅಂದೆ. ನನ್ನ ಪೈಪು ಕತ್ತರಿಸಿದರೆ ಗೋಡೆ ಮಟ್ಟ ನೀನು ಬಂದು ನೋಡುತ್ತೀಯಾ ಎಂದು ಅವನು ರೇಗಿದ. ಹೊಸದು ತಂದುಕೊಡುತ್ತೇನೆಂದು ಒಪ್ಪಿಸುವುದರಲ್ಲಿ ಕಾಲು ಗಂಟೆ ಹೋಯಿತು. ಆ ತುಂಡನ್ನು ಟ್ಯಾಂಕಿನಿಂದ ಬರುವ ಕೊಳವೆಗೂ ಫಿಲ್ಟರಿಗೂ ನಡುವೆ ಜೋಡಿಸಿ ಎಂಜಿನ್ ಶುರುಮಾಡಿದೆ. ಡಾಕ್ಟರನ್ನು ಒಳಗೆ ಕೂರಿಸಿ, “ಒತ್ರಿ” ಅಂದೆ. ಮಾಲಕರೂ ಬಂದು ಬಗ್ಗಿ ನೋಡಿದರು.

ಹಳದಿ ಡೀಸೆಲ್ಲಿನಲ್ಲಿ ಮೊದಲು ಒಂದೊಂದು ಗುಳ್ಳೆ. ಕಾಲು ಒತ್ತಿದಂತೆ ಸಾಲು ಸಾಲು.

ಹಿಂದಿನ ಸೀಟು ಎತ್ತಿದರೆ ಟ್ಯಾಂಕಿನ ಮುಚ್ಚಳ ಸಿಗುತ್ತದೆ. ಬಿಚ್ಚಿ ಒಳಗಿನ ಪ್ಲಾಸ್ಟಿಕ್ ಕೊಳವೆ ಹೊರತೆಗೆದೆ. ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಕೂದಲೆಳೆಯಂಥ ಸೀಳು. ಬಗ್ಗಿಸಿದಾಗ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಮಾಲಕರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಹೊರಗೆ ಹೋಗಿ ಖರ್ರಾ ಉಗುಳಿ ಬಂದರು. ಅವರು ಬಾಯಿ ಖಾಲಿ ಮಾಡಿದ್ದನ್ನು ನಾನು ನೋಡಿದ್ದು ಅಪರೂಪ.

“ಹಾಗಾದ್ರೆ ಮೊದಲಿನ ಇಂಜೆಕ್ಟರುಗಳು?” ಡಾಕ್ಟರು ಕೇಳಿದರು. “ಹಳೇವು ಮನೇಲೇ ಇವೆ, ರಟ್ಟಿನ ಡಬ್ಬೀಲಿ.”

“ತರ್ರಿ, ನೋಡೂಣು.”

ಮರುದಿನ ತಂದರು. ಇಂಜೆಕ್ಟರ್ ಪರೀಕ್ಷಿಸುವ ಬೆಂಚಿನ ಮೇಲೆ ಒಂದೊಂದನ್ನೇ ಹಚ್ಚಿ ನೋಡಿದೆ. ನಾಲ್ಕೂ ಚೆನ್ನಾಗಿದ್ದವು, ಚಿಮ್ಮುವ ಮಂಜು ಒಂದೇ ಸಮ. ಹೇಳದೆ ಇರಬಹುದಿತ್ತು. ಹೇಳಿದೆ. ನನ್ನ ವಾಲ್ವೂ ಬದಲಾಯಿಸುವ ಅಗತ್ಯವಿರಲಿಲ್ಲ ಎಂದೂ ಹೇಳಿದೆ. ಅವರಿಗೆ ಸಿಟ್ಟು ಬಂದಿತ್ತು, ಯಾರ ಮೇಲೆಂದು ಅವರಿಗೇ ತಿಳಿಯಲಿಲ್ಲವೇನೋ. ಡಬ್ಬಿ ಮುಚ್ಚಿ ಕಾರಿನಲ್ಲಿಟ್ಟುಕೊಂಡರು.

“ನೀವೊಂದು ಮಾತು ಕೇಳಿದ್ರೆ ಹೇಳ್ತಿದ್ದೆ, ಟ್ಯಾಂಕಲ್ಲಿ ಎಷ್ಟಿರತ್ತೆ ಅಂತ” ಅಂದರು.

“ಹೌದ್ರಿ. ಕೇಳಬೇಕಿತ್ತು.”

ಆ ಮಾತು ಬಹಳ ದಿನ ಕೊರೆಯಿತು. ಎ.ಸಿ. ಕೇಳಿದ್ದೆ, ಗೇರು ಕೇಳಿದ್ದೆ, ಬಿಸಿಲು ಕೇಳಿದ್ದೆ. ಕಣ್ಣೆದುರಿನ ಮುಳ್ಳನ್ನು ಬಿಟ್ಟು ಎಲ್ಲ ಕೇಳಿದ್ದೆ. ಮನೆಯಲ್ಲಿ ಹೆಂಡತಿ, “ಸಿಕ್ತಲ್ಲ, ಇನ್ನ್ಯಾಕ ಮುಖ ಊದಿಸ್ಕೊಂಡೀರಿ?” ಎಂದು ಕೇಳಿದಳು.

ಹೊಸ ಕೊಳವೆ ಹಾಕಿದ ಮೇಲೆ ಡಾಕ್ಟರು ಮೂರು ಗುರುವಾರ ಬೇಕಂತಲೇ ಟ್ಯಾಂಕು ತುಂಬಿಸದೆ ಹೋಗಿಬಂದರು. ದೀಪ ಹತ್ತಲಿಲ್ಲ. ಮೂರನೆಯ ಗುರುವಾರ ಸಾವನೇರ್‌ನಿಂದ ಫೋನ್ ಮಾಡಿದರು, ಎಂದಿನಂತೆ ನನ್ನ ಊಟದ ಹೊತ್ತಿಗೆ. ಗಾಡಿ ಚೆನ್ನಾಗಿದೆ ಅಂದರು. ಆಮೇಲೆ, ಎಡಗಡೆ ಮುಂದಿನ ಚಕ್ರದ ಹತ್ತಿರ ಒಮ್ಮೊಮ್ಮೆ ಏನೋ ಕಟಕಟ ಅನ್ನುತ್ತದೆ ಅಂದರು. ರೊಟ್ಟಿ ತಟ್ಟೆಯಲ್ಲೇ ಬಿಟ್ಟು, ಚಕ್ರದ ಕೆಲಸ ಮಾಲಕರದೆಂದು ಹೇಳಿ ಫೋನನ್ನು ಅವರ ಕೈಗೆ ಕೊಟ್ಟೆ.