ಲೀವಪ್ಪನ ಪರ್ಮಿಟ್ಟು

ಭದ್ರಾವತಿ ಹಳೇನಗರದ ಹುಡುಗಿಯರ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಪಾಠ ಹೇಳುತ್ತಿದ್ದ ಜಗದಾಂಬಾ, ಇಪ್ಪತ್ತೇಳು ತುಂಬುವವರೆಗೂ ಬಂದ ಗಂಡುಗಳಿಗೆಲ್ಲ ಬೇಡವೆಂದು ತಲೆ ಅಲ್ಲಾಡಿಸುತ್ತಲೇ ಇದ್ದಳು. ತಾಯಿ ಇರಲಿಲ್ಲ. ತಂದೆ ಷಡಕ್ಷರಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಮಗಳನ್ನು ಗದರಿಸಿ ಒಪ್ಪಿಸುವ ಸ್ವಭಾವ ಅವರದಲ್ಲ. ಅವರ ಹಲ್ಲೆಲ್ಲ ಉದುರಿ ರೊಟ್ಟಿ ಅಗಿಯಲು ಆಗದೆ ಹೋದಾಗ, ಮಗಳೇ ಅವರನ್ನು ಶಿವಮೊಗ್ಗದ ಗಾಂಧಿ ಬಜಾರಿಗೆ ಕರೆದುಕೊಂಡು ಹೋದಳು. ಅಲ್ಲಿ ಮೆಟ್ಟಿಲು ಹತ್ತಿದರೆ ಚೀನಾ ಡಾಕ್ಟರ ಅಂಗಡಿ.

ಅವನ ಹೆಸರು ಲಿಯೂ. ಬಜಾರಿನವರ ಬಾಯಲ್ಲಿ ಅದು ಲೀವಪ್ಪ ಆಗಿ ಎಷ್ಟೋ ವರ್ಷವಾಗಿತ್ತು. ಹದಿನೈದು ವರ್ಷದವನಿದ್ದಾಗ ಚಿಕ್ಕಪ್ಪನ ಹಿಂದೆ ಊರು ಬಿಟ್ಟು, ಕಾಗದದ ಹೂ ಮಾರುತ್ತ, ಹಲ್ಲು ಕಟ್ಟುವುದು ಕಲಿಯುತ್ತ, ಕಲ್ಕತ್ತಾ, ಮದರಾಸು ಎಲ್ಲ ಸುತ್ತಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಶಿವಮೊಗ್ಗಕ್ಕೆ ಬಂದು ನಿಂತವನು. ಚಿಕ್ಕಪ್ಪ ಇಲ್ಲೇ ಸತ್ತ. ಲೀವಪ್ಪನ ಕನ್ನಡದಲ್ಲಿ 'ಳ' ಒಂದು ಬರುತ್ತಿರಲಿಲ್ಲ, ಮಿಕ್ಕದ್ದೆಲ್ಲ ಬಜಾರಿನದೇ. ಷಡಕ್ಷರಪ್ಪನವರ ಹಲ್ಲಿನ ಸೆಟ್ಟಿಗಾಗಿ ಆರು ಸಲ ಓಡಾಡಬೇಕಾಯಿತು. ಆರನೆಯ ಸಲ ಜಗದಾಂಬಾ ಒಬ್ಬಳೇ ಹೋದಳು. ಏಳನೆಯ ಸಲ ಹೋಗಲು ಕಾರಣವೇ ಇರಲಿಲ್ಲ, ಆದರೂ ಹೋದಳು.

ಐವತ್ತೈದನೆಯ ಇಸವಿಯ ಕೊನೆಯಲ್ಲಿ ಇಬ್ಬರೂ ರಿಜಿಸ್ಟ್ರಾರರ ಮುಂದೆ ಸಹಿ ಹಾಕಿದರು. ನೆಂಟರು ಮನೆಗೆ ಬರುವುದನ್ನು ಬಿಟ್ಟರು. ಷಡಕ್ಷರಪ್ಪ ಎಂಟು ತಿಂಗಳು ಮಗಳ ಜೊತೆ ಮಾತಾಡಲಿಲ್ಲ. ಆಮೇಲೆ ಸೆಟ್ಟು ಒಸಡಿಗೆ ಒತ್ತತೊಡಗಿತು. ಸುತ್ತಮುತ್ತ ಅದನ್ನು ಸರಿಮಾಡುವವನು ಇನ್ನೊಬ್ಬನಿರಲಿಲ್ಲ. ಮುಖ ಗಂಟಿಕ್ಕಿಕೊಂಡೇ ಮೆಟ್ಟಿಲು ಹತ್ತಿ ಕುರ್ಚಿಯ ಮೇಲೆ ಬಾಯಿ ತೆರೆದು ಕೂತರು. ಲೀವಪ್ಪ ಅರದಿಂದ ಉಜ್ಜಿ, ತೊಳೆದು, ಬಾಯಿಗಿಟ್ಟು, "ಈಗ ಬಯ್ಯಿರಿ ಮಾವ, ನೋವಾಗಲ್ಲ" ಅಂದ. ಷಡಕ್ಷರಪ್ಪನವರಿಗೆ ನಗು ತಡೆಯಲಾಗಲಿಲ್ಲ. ಅವತ್ತು ಮಗಳ ಮನೆಯಲ್ಲೇ ಊಟ ಮಾಡಿದರು.

ಮನೆ ದುರ್ಗಿಗುಡಿಯಲ್ಲಿ, ಎರಡು ಕೋಣೆಯದು. ಜಗದಾಂಬಾ ಬೆಳಗಿನ ರೈಲಿಗೆ ಭದ್ರಾವತಿಗೆ ಹೋಗಿ, ಮಧ್ಯಾಹ್ನ ತಂದೆಗೆ ಬಡಿಸಿ, ಸಂಜೆಯ ಗಾಡಿಗೆ ವಾಪಸ್ಸು. ಮಕ್ಕಳಾಗಲಿಲ್ಲ. ವರ್ಷಕ್ಕೊಮ್ಮೆ ಮಾತ್ರ ಅವಳಿಗೆ ತನ್ನ ಗಂಡ ಪರದೇಶದವನೆಂಬುದು ನೆನಪಾಗುತ್ತಿತ್ತು. ಡಿಸೆಂಬರಿನಲ್ಲಿ ಅವನು ವಿದೇಶೀಯರ ರಿಜಿಸ್ಟರಿರುವ ಕಚೇರಿಗೆ ಹೋಗಿ ವಾಸದ ಪರ್ಮಿಟ್ಟಿಗೆ ಇನ್ನೊಂದು ವರ್ಷದ ಮೊಹರು ಹಾಕಿಸಬೇಕಿತ್ತು. ಗುಮಾಸ್ತ ಗಂಗಾಧರಪ್ಪ ಒಳ್ಳೆಯ ಮನುಷ್ಯ. "ಇನ್ನೂ ಊರು ಬಿಟ್ಟಿಲ್ವೇನ್ರೀ ಲೀವಪ್ಪ?" ಎಂದು ಪ್ರತಿ ವರ್ಷ ಅದೇ ತಮಾಷೆ ಮಾಡಿ ಮೊಹರು ಒತ್ತುತ್ತಿದ್ದರು.

ಈ ವರ್ಷವರ್ಷದ ಮೊಹರು ಷಡಕ್ಷರಪ್ಪನವರಿಗೆ ಸರಿಬೀಳಲಿಲ್ಲ. ಮೂವತ್ತು ವರ್ಷ ಜನರ ಅರ್ಜಿಗಳನ್ನು ಓದಿದವರು, ಸರಿಯಾಗಿ ಬರೆದ ಅರ್ಜಿಗೆ ಸರ್ಕಾರ ಸರಿಯಾದ ಉತ್ತರ ಕೊಟ್ಟೇ ಕೊಡುತ್ತದೆ ಎಂದು ನಂಬಿದ್ದವರು. ಹೊಸ ಪೌರತ್ವದ ಕಾಯಿದೆಯನ್ನು ತರಿಸಿ, ಪೆನ್ಸಿಲ್ಲಿನಿಂದ ಗೆರೆ ಎಳೆದು ಓದಿ, ಒಂದು ಭಾನುವಾರ ಮಗಳನ್ನು ಎದುರಿಗೆ ಕೂರಿಸಿಕೊಂಡರು.

"ಪರದೇಶದ ಹೆಂಗಸು ನಮ್ಮವನನ್ನ ಮದುವೆಯಾದ್ರೆ, ಅದೇ ಆಧಾರದ ಮೇಲೆ ಅರ್ಜಿ ಹಾಕಿ ಇಲ್ಲಿಯವಳಾಗಬಹುದು ಕಣಮ್ಮ. ಪರದೇಶದ ಗಂಡಸು ನಮ್ಮ ಹೆಂಗಸನ್ನ ಮದುವೆಯಾದ್ರೆ ಆ ದಾರಿ ಇಟ್ಟಿಲ್ಲ."

"ಅಂದ್ರೆ ಅಪ್ಪಾಜಿ, ನಾನು ಚೀನಾದವಳಾಗಿ ಅವರು ಭದ್ರಾವತಿಯವರಾಗಿದ್ರೆ ತೊಂದರೇನೇ ಇರ್ತಿರಲಿಲ್ಲ?"

"ಇರ್ತಿರಲಿಲ್ಲ."

ಉಳಿದದ್ದು ಉದ್ದನೆಯ ದಾರಿ. ಇಷ್ಟು ವರ್ಷ ಇಲ್ಲೇ ಇದ್ದೇನೆ, ಇಲ್ಲಿಯ ಭಾಷೆ ಬಲ್ಲೆ, ನಡತೆ ಒಳ್ಳೆಯದು ಎಂದು ತೋರಿಸಿ ಕೇಳಿಕೊಳ್ಳುವುದು. ಐವತ್ತೆಂಟರಲ್ಲಿ ಮಾವ ಬರೆದರು, ಅಳಿಯ ಸಹಿ ಹಾಕಿದ. ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಉತ್ತರ ಮೂರು ಸಲ ಬಂತು. ಆಮೇಲೆ ಅದೂ ನಿಂತಿತು.

ಅರವತ್ತೆರಡರ ಅಕ್ಟೋಬರಿನಲ್ಲಿ ಚೀನಾದ ಗಡಿಯಲ್ಲಿ ಯುದ್ಧ ಶುರುವಾಯಿತು. ಲೀವಪ್ಪ ತಾನೇ ಏಣಿ ಹಾಕಿ ಬೋರ್ಡಿನ ಮೇಲಿದ್ದ 'ಚೈನೀಸ್' ಎಂಬ ಮಾತಿಗೆ ಬಿಳಿ ಬಣ್ಣ ಬಳಿದ. ಅಂಗಡಿಗೆ ಬರುವವರು ಕಡಿಮೆಯಾದರು, ಬಂದವರೂ ಹಿಂದೆ ಮುಂದೆ ನೋಡಿ ಮೆಟ್ಟಿಲು ಹತ್ತುತ್ತಿದ್ದರು. ಶಾಲೆಯಲ್ಲಿ ಜಗದಾಂಬಾ ಒಳಗೆ ಬಂದರೆ ಉಳಿದ ಟೀಚರುಗಳ ಮಾತು ತಟ್ಟನೆ ನಿಲ್ಲುತ್ತಿತ್ತು. ನವೆಂಬರಿನಲ್ಲಿ ಗಂಗಾಧರಪ್ಪ ಮನೆಗೇ ಬಂದು ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಅವತ್ತು ತಮಾಷೆ ಮಾಡಲಿಲ್ಲ. ವಾರಕ್ಕೊಮ್ಮೆ ಬಂದು ಹಾಜರಿ ಹಾಕಬೇಕು. ಅಪ್ಪಣೆ ಇಲ್ಲದೆ ಶಿವಮೊಗ್ಗ ನಗರದ ಎಲ್ಲೆ ದಾಟಕೂಡದು.

ಆ ಹೊತ್ತಿಗೇ ಷಡಕ್ಷರಪ್ಪ ಹಾಸಿಗೆ ಹಿಡಿದಿದ್ದರು. ಕಾಲು, ಮುಖ ಊದಿಕೊಂಡು, ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು. ಡಾಕ್ಟರು ಜಗದಾಂಬಳನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನ ಇಲ್ಲ, ನೋಡಬೇಕಾದವರು ಬಂದು ನೋಡಿಹೋಗಲಿ ಅಂದರು. ಅಪ್ಪ ಕೇಳಿದ್ದು ಒಬ್ಬನನ್ನೇ. "ಲೀವಪ್ಪ ಯಾಕೆ ಬರ್ತಿಲ್ಲ?"

ಒಂದು ದಿನದ ಮಟ್ಟಿಗೆ ಭದ್ರಾವತಿಗೆ ಹೋಗಲು ಅಪ್ಪಣೆ ಬೇಡಿ ಅವಳೇ ಅರ್ಜಿ ಬರೆದಳು. ಅದು ಮೇಲಿನವರಿಗೆ ಹೋಯಿತು. ಹತ್ತು ದಿನ ಕಳೆದರೂ ಉತ್ತರವಿಲ್ಲ. ಹನ್ನೊಂದನೆಯ ದಿನ ಅವಳಿಗೆ ಒಂದು ಯೋಚನೆ ಹೊಳೆಯಿತು. ಅವರು ಎಲ್ಲೆ ದಾಟಕೂಡದು ನಿಜ, ಅಪ್ಪಾಜಿಗೆ ಅಂಥ ಕಟ್ಟಳೆ ಇಲ್ಲವಲ್ಲ. ಕಚೇರಿಗೆ ಹೋಗಿ ಗಂಗಾಧರಪ್ಪನವರನ್ನು ಕೇಳಿದಳು.

"ಭದ್ರಾವತಿ ರಸ್ತೆಯಲ್ಲಿ ಮಲವಗೊಪ್ಪದವರೆಗೆ ಅವರು ಬರಬಹುದಾ ಸಾರ್?"

ಅವರು ತಲೆ ಕೆರೆದುಕೊಂಡರು. "ಅಲ್ಲೀವರೆಗೂ ನಮ್ಮೂರೇ ಅನ್ಸತ್ತಮ್ಮ. ಬರಬಹುದು."

ಭಾನುವಾರ ಬಾಡಿಗೆ ಕಾರಿನಲ್ಲಿ ದಿಂಬುಗಳ ನಡುವೆ ತಂದೆಯನ್ನು ಕೂರಿಸಿಕೊಂಡು ಹೊರಟಳು. ಮಲವಗೊಪ್ಪದ ರಸ್ತೆಯಲ್ಲಿ ಒಂದು ಹುಣಸೆಮರದ ಕೆಳಗೆ ಲೀವಪ್ಪ ಸೈಕಲ್ಲು ಒರಗಿಸಿಕೊಂಡು ಕಾಯುತ್ತಿದ್ದ. ಕಾರು ನಿಂತೊಡನೆ ಬಾಗಿಲು ತೆಗೆದು, ರಸ್ತೆಯ ಮೇಲೇ ಮಂಡಿಯೂರಿ, ಮಾವನ ಊದಿದ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಪೌರತ್ವದ ಅರ್ಜಿ ಏನಾಯ್ತು ಮಾರಾಯ?"

"ಪರಿಶೀಲನೆಯಲ್ಲಿದೆ ಮಾವ."

"ಬಿಡಬೇಡಿ. ತಿಂಗಳಿಗೊಂದು ಜ್ಞಾಪನ ಕಳಿಸ್ತಾ ಇರಿ." ಅಷ್ಟು ಹೇಳುವುದಕ್ಕೇ ಅವರಿಗೆ ಏದುಸಿರು ಬಂತು. ಅಳಿಯನ ತಲೆಯ ಮೇಲೆ ಕೈಯಿಟ್ಟು ಕೂತರು. ಹಾಗೆಯೇ ಅರ್ಧ ಗಂಟೆ ಕಳೆಯಿತು. ಜಗದಾಂಬಾ ಅಷ್ಟು ದಿನಗಳಲ್ಲಿ ಮೊದಲ ಸಲ ಸಮಾಧಾನದ ಉಸಿರು ಬಿಟ್ಟಳು.

ಶಿವಮೊಗ್ಗದ ಕಡೆಯಿಂದ ಬಂದ ಕಾನ್‌ಸ್ಟೇಬಲ್ ಒಬ್ಬ ಸೈಕಲ್ಲಿನಿಂದ ಇಳಿದ. ಒರಟಾಗಿ ಏನೂ ಮಾತಾಡಲಿಲ್ಲ. ಲೀವಪ್ಪನ ಹೆಸರು ಕೇಳಿದ, ಗಂಟೆ ನೋಡಿದ, ಪುಸ್ತಕದಲ್ಲಿ ಬರೆದುಕೊಂಡ. "ಯಜಮಾನರಿಗೆ ಹುಷಾರಿಲ್ವಾ? ಬೇಗ ಕರ್ಕೊಂಡು ಹೋಗಿ ತಾಯಿ" ಎಂದು ಹೇಳಿ ಹೋದ.

ಅದಾದ ಒಂಬತ್ತನೆಯ ದಿನ ಷಡಕ್ಷರಪ್ಪ ಲಿಂಗೈಕ್ಯರಾದರು. ಮುನಿಸಿಕೊಂಡಿದ್ದ ನೆಂಟರೆಲ್ಲ ಬಂದು ಮಣ್ಣು ಹಾಕಿದರು. ಲೀವಪ್ಪ ಆ ಹೊತ್ತಿನಲ್ಲಿ ದುರ್ಗಿಗುಡಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಭದ್ರಾವತಿಗೆ ಹೋಗಲು ಅಪ್ಪಣೆ ಇಲ್ಲ ಎಂಬ ಉತ್ತರ ಮೂರು ದಿನದ ನಂತರ ಬಂತು.

ಡಿಸೆಂಬರಿನಲ್ಲಿ ಪರ್ಮಿಟ್ಟಿಗೆ ಮೊಹರು ಬೀಳಲಿಲ್ಲ. ಮಾರ್ಚಿನಲ್ಲಿ ನೋಟೀಸು ಬಂತು. ಷರತ್ತು ಮೀರಿ ನಗರದ ಎಲ್ಲೆ ದಾಟಿದ್ದರಿಂದ ವಾಸದ ಪರ್ಮಿಟ್ಟನ್ನು ಮುಂದುವರಿಸುವುದಿಲ್ಲ, ಮೂವತ್ತು ದಿನದೊಳಗೆ ಭಾರತ ಬಿಡಬೇಕು. ಮಹಜರಿನ ಪ್ರಕಾರ ಎಲ್ಲೆಯ ಕಲ್ಲು ಹುಣಸೆಮರಕ್ಕಿಂತ ನಲವತ್ತು ಹೆಜ್ಜೆ ಶಿವಮೊಗ್ಗದ ಕಡೆಗೇ ಇತ್ತು. ಜಗದಾಂಬಾ ನಂಬದೆ ಬಸ್ಸಿನಲ್ಲಿ ಹೋಗಿ, ಪೊದೆಯಲ್ಲಿ ಮುಚ್ಚಿಹೋಗಿದ್ದ ಕಲ್ಲನ್ನು ಹುಡುಕಿ, ತಾನೇ ಎಣಿಸಿದಳು. ಮೂವತ್ತೆಂಟಾಯಿತು.

ಮಾರನೆಯ ದಿನ ಕಚೇರಿಯ ಸಾಹೇಬರ ಮುಂದೆ ನಿಂತಳು. "ಅಲ್ಲಿಗೆ ಕರೆಸಿದ್ದು ನಾನು ಸಾರ್. ತಪ್ಪು ನನ್ನದು. ಶಿಕ್ಷೆ ನನಗೆ ಕೊಡಿ."

ಅವರು ಬಯ್ಯಲಿಲ್ಲ. "ನಿಮಗೇನು ಶಿಕ್ಷೆ ಕೊಡೋದಮ್ಮ? ನೀವು ಈ ದೇಶದವರು. ಎಲ್ಲಿ ಬೇಕಾದ್ರೂ ಓಡಾಡಬಹುದು."

ಹೊರಗೆ ಗಂಗಾಧರಪ್ಪ ಅವಳ ಮುಖ ನೋಡಲಾರದೆ ನಿಂತಿದ್ದರು. "ನಾನು ವಿಚಾರಿಸಿ ಹೇಳಬೇಕಿತ್ತಮ್ಮ" ಅಂದರು. ಅವಳಿಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಶಕ್ತಿ ಇರಲಿಲ್ಲ.

ತಾನೂ ಜೊತೆಗೆ ಹೋಗುತ್ತೇನೆಂದು ಪಾಸ್‌ಪೋರ್ಟಿಗೆ ಬರೆದಳು. ಮೂವತ್ತು ದಿನದಲ್ಲಿ ಅದು ಆಗುವ ಕೆಲಸವಲ್ಲವೆಂದು ಎಲ್ಲರೂ ಹೇಳಿದರು. ಲೀವಪ್ಪನಿಗೂ ಮನಸ್ಸಿರಲಿಲ್ಲ.

"ಅಲ್ಲಿಗೆ ಬಂದು ಏನು ಮಾಡ್ತೀಯ? ನಿನಗೂ ವರ್ಷವರ್ಷ ಪರ್ಮಿಟ್ಟು ಬೇಕಾಗತ್ತೆ. ಹೊರಗಿನವರು ಅಂತಾರೆ."

"ನೀವಿರ್ತೀರಲ್ಲ?"

"ನಾನು ಬಿಟ್ಟು ಬಂದಾಗ ಹದಿನೈದು ವರ್ಷ. ಅಲ್ಲಿ ನನ್ನ ಗುರುತು ಯಾರಿಗಿದೆ ಮಾರಾಯ್ತಿ? ನಾನೇ ಹೊರಗಿನವನು."

ಏಪ್ರಿಲಿನಲ್ಲಿ ಇಬ್ಬರು ಪೊಲೀಸರ ಕಾವಲಿನಲ್ಲಿ ಅವನನ್ನು ಮದರಾಸಿಗೆ ಕರೆದೊಯ್ದರು. ಅವಳೂ ಅದೇ ಗಾಡಿ ಹತ್ತಿದಳು. ಗಾಡಿ ಭದ್ರಾವತಿಯಲ್ಲಿ ನಿಂತಾಗ ಲೀವಪ್ಪ ಕಿಟಕಿಯಿಂದ ಹೊರಗೆ ನೋಡಿ, "ಈಗ ಭದ್ರಾವತಿಗೆ ಬಂದ್ರೆ ಯಾರೂ ಬೇಡ ಅನ್ನಲ್ಲ, ನೋಡು" ಅಂದ. ಕಾವಲಿನ ಪೊಲೀಸರಲ್ಲಿ ಹಿರಿಯವನು ತಲೆ ತಗ್ಗಿಸಿದ. ಮದರಾಸಿನ ಬಂದರಿನ ಗೇಟಿನಲ್ಲಿ ಕಾಗದ ಕೇಳಿದರು. ಅವಳ ಚೀಲದಲ್ಲಿದ್ದದ್ದು ಶಾಲೆಯ ರಜೆ ಚೀಟಿ ಒಂದೇ. ಅಲ್ಲೇ ನಿಲ್ಲಿಸಿದರು. ಲೀವಪ್ಪ ಟ್ರಂಕು ಹೊತ್ತು ಒಳಗೆ ಹೋದ. ಎರಡು ಸಲ ತಿರುಗಿ ನೋಡಿದ. ಮೂರನೆಯ ಸಲ ನೋಡಿದನೋ ಇಲ್ಲವೋ, ನಡುವೆ ಒಂದು ಲಾರಿ ಬಂತು.

ಕಾಗದಗಳು ಬಂದವು. ಅರವತ್ತಮೂರರಲ್ಲಿ ಎರಡು, ಅರವತ್ತನಾಲ್ಕರಲ್ಲಿ ಒಂದು, ಎಲ್ಲವೂ ನಡುವೆ ಯಾರೋ ಒಡೆದು ಓದಿ ಅಂಟಿಸಿದವು. ಕನ್ನಡ ಅಕ್ಷರ ಅವನಿಗೆ ಅರ್ಧಂಬರ್ಧ ಬರುತ್ತಿತ್ತು, ಅದರಲ್ಲೇ ಬರೆದಿದ್ದ. ಹಲ್ಲಿನ ಕೆಲಸ ಕೊಟ್ಟಿಲ್ಲ, ಹೊಲದ ಕೆಲಸ. ನಿನ್ನನ್ನು ಕರೆಸಲು ಇಲ್ಲಿ ಅರ್ಜಿ ಕೊಟ್ಟಿದ್ದೇನೆ. ಹೆಂಡತಿ ಇಂಡಿಯಾದವಳು ಎಂದು ಬರೆದ ಮೇಲೆ ನನ್ನನ್ನೇ ಕರೆದು ಪ್ರಶ್ನೆ ಕೇಳುತ್ತಿದ್ದಾರೆ. ಅವಳು ಈ ಕಡೆಯಿಂದ ತಿಂಗಳಿಗೊಂದು ಜ್ಞಾಪನ ಕಳಿಸಿದಳು, ದೆಹಲಿಗೂ ಬೆಂಗಳೂರಿಗೂ. ಗಂಡ ಹಿಂದಿರುಗಲು ಅಪ್ಪಣೆ ಕೊಡಿ, ಇಲ್ಲವೇ ತನಗೆ ಹೋಗಲು ಅಪ್ಪಣೆ ಕೊಡಿ. ಅರವತ್ತಾರರ ಬೇಸಿಗೆಯಲ್ಲಿ ಬಂದ ಕಾಗದದಲ್ಲಿ ಎರಡೇ ಸಾಲಿತ್ತು. ಇನ್ನು ಬರೆಯಬೇಡ. ಬರೆದರೆ ನನಗೆ ಕಷ್ಟ.

ಅವಳು ಬರೆಯುವುದನ್ನು ನಿಲ್ಲಿಸಿದಳು. ಒಬ್ಬಳಿಗೆ ದುರ್ಗಿಗುಡಿಯ ಮನೆ ಯಾಕೆಂದು ಎಲ್ಲರೂ ಹೇಳಿದರೂ ಬಿಡಲಿಲ್ಲ. ಅವನಿಗೆ ಗೊತ್ತಿದ್ದ ವಿಳಾಸ ಅದೊಂದೇ.

ಅರವತ್ತೆಂಟರಲ್ಲಿ ಕಚೇರಿಯಿಂದ ಕರೆ ಬಂತು. ಗಂಗಾಧರಪ್ಪ ವರ್ಗವಾಗಿ ಹೋಗಿದ್ದರು. ಹೊಸ ಗುಮಾಸ್ತ, ಎಳೆಯ ವಯಸ್ಸಿನವನು, ಹಳೆಯ ಫೈಲುಗಳನ್ನು ಮುಗಿಸುವ ಕೆಲಸದಲ್ಲಿದ್ದ.

"ಈ ವಿಳಾಸದಲ್ಲಿ ಸದರಿ ವಿದೇಶೀಯ ಈಗ ವಾಸವಿಲ್ಲ ಅಂತ ಇಲ್ಲಿ ಸಹಿ ಮಾಡಿಬಿಡಿ, ಮೇಡಂ."

"ಫೈಲು ಮುಚ್ಚಿದ್ರೆ, ಮುಂದೆ ಅವರು ಬರ್ತೀನಿ ಅಂದಾಗ?"

"ಹೊಸದಾಗಿ ಅರ್ಜಿ ಹಾಕಬೇಕಾಗತ್ತೆ." ಅವನು ಫೈಲಿನ ಹಾಳೆ ಮಗುಚಿದ. "ಬದುಕಿದ್ದಾರಾ ಮೇಡಂ?"

"ಗೊತ್ತಿಲ್ಲ."

ಆ ಹಾಳೆಯಲ್ಲಿ ಹಾಗೆ ಬರೆಯಲು ಜಾಗವಿರಲಿಲ್ಲ. ಅವಳು ಅದನ್ನು ಎರಡು ಸಲ ಓದಿದಳು. ಬರೆದಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಹಿ ಮಾಡಿ, ಇಂಕು ಒಣಗುವವರೆಗೆ ನಿಂತಿದ್ದು, ಹೊರಗೆ ಬಂದಳು. ಬೆಳಗಿನ ರೈಲು ಹೊರಟುಹೋಗಿತ್ತು. ಮಧ್ಯಾಹ್ನದ ತರಗತಿಗೆ ಮುಟ್ಟಬೇಕೆಂದು ಭದ್ರಾವತಿಯ ಬಸ್ಸು ಹತ್ತಿದಳು.