ಚಿಕ್ಕಮಾದಮ್ಮ ಸೊಪ್ಪು ವಿಂಗಡಿಸಿದ ಬಗೆ

ಪಿರಿಯಾಪಟ್ಟಣದ ಸುತ್ತ ಹೊಗೆಸೊಪ್ಪು ವಿಂಗಡಿಸುವವರಲ್ಲಿ ಚಿಕ್ಕಮಾದಮ್ಮನಂಥವಳು ಇನ್ನೊಬ್ಬಳಿಲ್ಲ. ಅಲ್ಲ ಅನ್ನುವವನು ನನ್ನ ಮುಂದೆ ಬಂದು ಹೇಳಲಿ. ಮೂವತ್ತು ವರ್ಷದಿಂದ ನಮ್ಮ ಜಗಲಿಯ ಮೇಲೆ, ಬಿಸಿಲು ನೇರ ಬೀಳದ ಕಡೆ ಕೂತು, ಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಯಲ್ಲಿ ಬೆಂದು ಬಂದ ಎಲೆಯನ್ನು ಬಣ್ಣ ನೋಡಿ ಬ್ರೈಟ್, ಮೀಡಿಯಂ, ಲೋ ಎಂದು ಮೂರು ಗುಡ್ಡೆ ಮಾಡುತ್ತಾಳೆ. ಕೆಂಪು ಸೀರೆ ಉಟ್ಟವರನ್ನು ಹತ್ತಿರ ಕೂರಿಸುವುದಿಲ್ಲ. ಸೀರೆಯ ಬಣ್ಣ ಎಲೆಗೆ ಹೊಡೆಯುತ್ತದಂತೆ.

ಹೋದ ವರ್ಷ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದವಳು ಒಂದು ಎಲೆ ಎತ್ತಿ, ಒಂದೊಂದೇ ಕಣ್ಣು ಮುಚ್ಚಿ ನೋಡಿದಳು.

"ಇದ್ಯಾಕಪ್ಪ, ಒಸ ಕಣ್ಗೆ ನಿಂಬೆಣ್ಣಂಗೆ ಕಾಣ್ತದೆ, ಅಳೇ ಕಣ್ಗೆ ಬೆಲ್ದಂಗೆ ಕಾಣ್ತದೆ."

ನನಗೆ ತಲೆ ಕೆಟ್ಟಿತು. ಬೇರೆ ಬೇರೆ ಗುಡ್ಡೆಯ ಎಲೆ ಬೆರೆತ ಬೇಲನ್ನು, ಅಂದರೆ ಸೊಪ್ಪಿನ ಮೂಟೆಯನ್ನು, ಹರಾಜಿನಲ್ಲಿ ಪಕ್ಕಕ್ಕೆ ತಳ್ಳುತ್ತಾರೆ. "ಎದ್ದೋಗು ಮಾದಮ್ಮ, ಬೇರೆಯೋರ್ನ ಕರ್ಕೊತೀನಿ," ಎಂದು ಕೂಗಿಬಿಟ್ಟೆ. ಆಕೆ ಏಳಲಿಲ್ಲ.

ಮೈಸೂರಿನಲ್ಲಿ ತತ್ವಶಾಸ್ತ್ರ ಓದುವ ಆಕೆಯ ಮೊಮ್ಮಗಳು ಸಿಂಧು ಪಕ್ಕದಲ್ಲಿದ್ದಳು. "ಅಜ್ಜಿ, ಹಿಂದೆ ಜರ್ಮನೀಲಿ ಒಬ್ರು ಇದನ್ನೇ ಹೇಳವ್ರೆ. ವಸ್ತು ತಾನಾಗಿ ಹೆಂಗದೆ ಅಂತ ನಮಗೆ ಗೊತ್ತಾಗಲ್ಲ. ಕಣ್ಣು ತಂದಿದ್ದನ್ನ ಮನಸ್ಸು ಜೋಡಿಸ್ಕೊತದೆ, ಅದೇ ನಮ್ಮ ಲೋಕ. ಆಮೇಲೆ ಬಂದೋರು ಲೋಕ ಎಲ್ಲಾ ಮನಸ್ಸಿಂದೇ ಅಂದ್ರು."

"ಆಮೇಲೆ ಬಂದೋರ್ನ ಒಂದಿನ ಬ್ಯಾರನ್ಗೆ ಸೌದೆ ಒಟ್ಟಕ್ಕೆ ಕರ್ಕ ಬಾ. ಮೊದಲ್ನೋರು ವಾಸಿ ಕಣವ್ವ," ಅಂದಳು ಅಜ್ಜಿ. ನನ್ನ ಕಡೆ ತಿರುಗಿ, "ಪರೀಕ್ಷೆ ಮಾಡಪ್ಪ. ತಪ್ಪಾದ್ರೆ ಇನ್ಯಾವತ್ತೂ ಸೊಪ್ಪು ಮುಟ್ಟಕಿಲ್ಲ," ಅಂದಳು.

ಅರವತ್ತು ಎಲೆಯ ತೊಟ್ಟಿಗೆ ನಾನೇ ನಂಬರ್ ಚೀಟಿ ಮಡಚಿ ಕಟ್ಟಿದೆ. ಆಕೆ ಹೊಸ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೂರು ಗುಡ್ಡೆ ಮಾಡಿದಳು. ಚೀಟಿ ಬಿಚ್ಚಿ ನೋಡಿ, ಯಾವ ನಂಬರ್ ಯಾವ ಗುಡ್ಡೆ ಎಂದು ಸಿಂಧು ಬರೆದುಕೊಂಡಳು. ಮತ್ತೆ ಮಡಚಿ, ಎಲೆಗಳನ್ನೆಲ್ಲ ಕಲಸಿ ಹಾಕಿದೆ. ಈಗ ಹಳೆಯ ಕಣ್ಣಿಗೆ ಬಟ್ಟೆ. ಆಕೆ ಮುಗಿಸಿದ ಮೇಲೆ ಒಂದಾದರೂ ತಪ್ಪು ಸಿಕ್ಕೀತೆಂದು ಕೊನೆಯ ಚೀಟಿಯವರೆಗೂ ಹುಡುಕಿದೆ. ಅರವತ್ತಕ್ಕೆ ಅರವತ್ತೂ ಮೊದಲಿನ ಗುಡ್ಡೆಯಲ್ಲೇ ಇದ್ದವು.

"ಅದೆಂಗೆ?" ಅಂದೆ.

"ಒಂದೆಲೆ ನೋಡಿ ಯಾರಪ್ಪ ವಿಂಗಡುಸ್ತಾರೆ? ಪಕ್ಕದ ಎಲೆ ಜೊತೆ ಇಟ್ಟು ನೋಡ್ತೀನಿ. ಕಣ್ಣು ಯಾವ ಬಣ್ಣನಾರ ತೋರುಸ್ಲಿ, ಇದು ಅದ್ಕಿಂತ ಮೇಲು ಅನ್ನೋದು ನನ್ ತಲೇಲದೆ. ನೀನು ಕೂಗ್ಬುಟ್ರೆ ಅದೆಲ್ಲಿಗೋದದು?"

"ತಪ್ಪಾಯ್ತು ಬುಡು ಮಾದಮ್ಮ," ಅಂದೆ, ಕೂಲಿಯವರೆಲ್ಲರ ಎದುರಿಗೇ.

ಆ ವರ್ಷ ನಮ್ಮ ಒಂದು ಬೇಲೂ ಪಕ್ಕಕ್ಕೆ ಬೀಳಲಿಲ್ಲ. ಈಗ ಜಗಲಿಯಲ್ಲಿ ಆರು ಹೆಂಗಸರು ಆಕೆಯ ಕೈಕೆಳಗೆ ಕಲಿಯುತ್ತಿದ್ದಾರೆ. ಯಾರೇ ಹೊಸದಾಗಿ ಬಂದರೂ ಮೊದಲ ದಿನ ಒಂದು ಕಣ್ಣಿಗೆ ಬಟ್ಟೆ ಕಟ್ಟಿಸಿಯೇ ಎಲೆ ಕೊಡುತ್ತಾಳೆ.